ಲಂಡನ್ನಿನ ಗಾಂಧಿ ಕ್ಲಾಸು ಬೆಳೆಸಿದ ಬ್ಯಾಲೆ

ಟೆಂಟ್ ಸಿನಿಮಾ ನೋಡಿದವರಿಗೆ ಗಾಂಧಿ ಕ್ಲಾಸು ಅಂದರೆ ಏನೆಂದು ಹೇಳಬೇಕಿಲ್ಲ. ಪರದೆಯ ಬುಡದಲ್ಲಿ ನೆಲದ ಮೇಲೆ ಕೂತು, ಕತ್ತು ಮೇಲೆತ್ತಿ ನೋಡುವ ಜಾಗ. ಟಿಕೆಟ್ಟು ಎಲ್ಲಕ್ಕಿಂತ ಕಡಿಮೆ, ಶಿಳ್ಳೆ ಎಲ್ಲಕ್ಕಿಂತ ಜಾಸ್ತಿ. ಕಂಪನಿ ನಾಟಕ ನೋಡುತ್ತಿದ್ದ ನಮ್ಮ ಹಿರಿಯರೂ ಒಂದು ಮಾತು ಹೇಳುತ್ತಾರೆ: ಮುಂದೆ ಸೋಫಾದಲ್ಲಿ ಕೂತವರು ಪಾಸಿನ ಮೇಲೆ ಬಂದವರು, ಹಿಂದೆ ಚಾಪೆ ಮೇಲೆ ಕೂತವರು ದುಡ್ಡು ಕೊಟ್ಟು ಬಂದವರು.

ಲಂಡನ್ನಿನ ಹಳೆಯ ರಂಗಮಂದಿರಗಳಲ್ಲೂ ಇಂಥದೊಂದು ಜಾಗ ಇತ್ತು. ಆದರೆ ಕೆಳಗಲ್ಲ, ಎಲ್ಲಕ್ಕಿಂತ ಮೇಲೆ, ಸೂರಿನ ಹತ್ತಿರ. ಅದಕ್ಕೆ ಗ್ಯಾಲರಿ ಎಂದು ಹೆಸರು. ಅಷ್ಟು ಎತ್ತರದಲ್ಲಿ ಕೂರುವವರು ಎಂದು ಅಲ್ಲಿನ ಜನ ತಮಾಷೆಗೆ ಆ ಜಾಗವನ್ನು 'ದೇವರುಗಳು' ಎಂದೇ ಕರೆಯುತ್ತಿದ್ದರು. ಆ ದೇವರುಗಳಿಗೆ ಸಿಗುತ್ತಿದ್ದುದು ಗಟ್ಟಿ ಬೆಂಚು, ಬೇರೆ ಬಾಗಿಲು, ಬೇರೆ ಮೆಟ್ಟಿಲು. ಕೆಳಗಿನ ಮೆತ್ತನೆ ಕುರ್ಚಿಯವರಿಗೆ ಇವರ ಮೈ ಸೋಕಬಾರದು ಎಂಬ ಏರ್ಪಾಡು.

ಈಗ ವಿಷಯಕ್ಕೆ ಬರೋಣ. ಬ್ಯಾಲೆ ಅಂದರೆ ಮಾತಿಲ್ಲದ ನೃತ್ಯನಾಟಕ. ವಾದ್ಯಮೇಳ ನುಡಿಸುತ್ತಿರುತ್ತದೆ, ಕಲಾವಿದರು ಕಾಲ್ಬೆರಳ ತುದಿಯ ಮೇಲೆ ನಿಂತು, ಹಾರಿ, ಸುತ್ತಿ ಕಥೆ ಹೇಳುತ್ತಾರೆ. ಫೋನಿನಲ್ಲಿ ಅದರ ವಿಡಿಯೊ ಬಂದರೆ ನಮ್ಮಲ್ಲಿ ಹೆಚ್ಚಿನವರು 'ಇದು ಸಾಹುಕಾರರ ಆಟ' ಎಂದು ಬೆರಳಾಡಿಸಿ ಮುಂದೆ ಹೋಗುತ್ತಾರೆ. ಲಂಡನ್ನಿನ ರಾಯಲ್ ಬ್ಯಾಲೆ ಕಂಪನಿಯ ಹೆಸರಲ್ಲೇ ರಾಜಮನೆತನ ಇದೆ, ಅದು ಕುಣಿಯುವ ಜಾಗ ಚಿನ್ನದ ಬಣ್ಣ ಬಳಿದ ರಾಯಲ್ ಒಪೆರಾ ಹೌಸ್. ಆದರೆ ಆ ಕಂಪನಿ ಹುಟ್ಟಿದ್ದು ಅರಮನೆಯಲ್ಲಲ್ಲ. ಅದು ಹುಟ್ಟಿದ್ದು ಕೂಲಿಕಾರರ ಕೇರಿಯ ಒಂದು ಹಳೆಯ ಥಿಯೇಟರಿನಲ್ಲಿ. ಅದನ್ನು ಸಾಕಿದವರು ಬಹುಪಾಲು ಆ ಗ್ಯಾಲರಿಯ ದೇವರುಗಳು.

ಟಿಕೆಟ್ ದರದ ವಿಚಾರದಲ್ಲಿ ಲಂಡನ್ನಿನ ಜನ ಎಷ್ಟು ಗಟ್ಟಿ ಎಂಬುದಕ್ಕೆ ಮೊದಲೊಂದು ಹಳೆಯ ಕಥೆ. ಈಗ ಒಪೆರಾ ಹೌಸ್ ಇರುವ ಕೊವೆಂಟ್ ಗಾರ್ಡನ್ನಿನ ಜಾಗದಲ್ಲಿ 1732ರಿಂದಲೂ ಥಿಯೇಟರ್ ಇದೆ. ಮೊದಲಿನದು 1808ರಲ್ಲಿ ಸುಟ್ಟುಹೋಯಿತು. ಮರುವರ್ಷವೇ ಹೊಸದು ಎದ್ದಿತು. ಕಟ್ಟಿದ ಖರ್ಚು ಎತ್ತಬೇಕಲ್ಲ, ಮ್ಯಾನೇಜರ್ ಜಾನ್ ಕೆಂಬಲ್ ದರ ಏರಿಸಿದ. ನೆಲಮಟ್ಟದ ಬೆಂಚಿನ ಟಿಕೆಟ್ಟು ಮೂರೂವರೆ ಶಿಲಿಂಗಿನಿಂದ ನಾಲ್ಕಕ್ಕೆ ಹೋಯಿತು, ಅಂದರೆ ಆರು ಪೆನ್ನಿ ಹೆಚ್ಚು. ಸಾಲದ್ದಕ್ಕೆ ಶ್ರೀಮಂತರಿಗೆಂದು ಖಾಸಗಿ ಬಾಕ್ಸುಗಳನ್ನು ಹೆಚ್ಚು ಮಾಡಿ, ಗ್ಯಾಲರಿಯನ್ನು ಎಷ್ಟು ಮೇಲಕ್ಕೆ ತಳ್ಳಿದರೆಂದರೆ ಅಲ್ಲಿ ಕೂತವರಿಗೆ ನಟರ ಕಾಲು ಮಾತ್ರ ಕಾಣುತ್ತಿತ್ತಂತೆ. ಜನ ಆ ಗೂಡುಗಳಿಗೆ ಪಾರಿವಾಳದ ಗೂಡು ಎಂದು ಹೆಸರಿಟ್ಟರು.

1809ರ ಸೆಪ್ಟೆಂಬರ್ 18ರಂದು ಮ್ಯಾಕ್‌ಬೆತ್ ನಾಟಕದೊಂದಿಗೆ ಬಾಗಿಲು ತೆರೆಯಿತು. ನಾಟಕದ ಒಂದು ಮಾತೂ ಯಾರಿಗೂ ಕೇಳಿಸಲಿಲ್ಲ. 'ಹಳೇ ದರ, ಹಳೇ ದರ' ಎಂಬ ಕೂಗು. ಮರುದಿನವೂ ಅದೇ. ಜನ ಗಂಟೆ, ಕಹಳೆ, ಗಿಲಕಿ ತಂದರು. ಬೆಂಚುಗಳ ನಡುವೆ ಕಾಲು ಅಪ್ಪಳಿಸಿ ಕುಣಿಯುವ ಒಂದು ಕುಣಿತವೇ ಹುಟ್ಟಿಕೊಂಡಿತು. ಕೆಂಬಲ್ ಗದ್ದಲ ಅಡಗಿಸಲು ಮುಷ್ಟಿಯುದ್ಧದ ಪೈಲ್ವಾನರನ್ನು ಕರೆಸಿದ. ಜನ ಇನ್ನಷ್ಟು ಕೆರಳಿದರು. ಅರವತ್ತಕ್ಕೂ ಹೆಚ್ಚು ರಾತ್ರಿ ಹೀಗೇ ನಡೆದು, ಡಿಸೆಂಬರಿನಲ್ಲಿ ಕೆಂಬಲ್ ಕ್ಷಮೆ ಕೇಳಿದ, ಬೆಂಚಿನ ದರ ಹಳೆಯದಕ್ಕೇ ಇಳಿಯಿತು. ಬಾಕ್ಸಿನ ದರ ಮಾತ್ರ ಏರಿದಲ್ಲೇ ಉಳಿಯಿತು. ಅದರ ಬಗ್ಗೆ ಬೆಂಚಿನವರು ತಲೆ ಕೆಡಿಸಿಕೊಳ್ಳಲೂ ಇಲ್ಲ ಅನ್ನಿ.

ಈಗ ಥೇಮ್ಸ್ ನದಿ ದಾಟಿ ದಕ್ಷಿಣಕ್ಕೆ ಬನ್ನಿ. ಅಲ್ಲಿ ಲ್ಯಾಂಬೆತ್ ಎಂಬ ಬಡವರ ಬಡಾವಣೆ, ವಾಟರ್ಲೂ ಸ್ಟೇಷನ್ನಿನ ಆಸುಪಾಸು. 1818ರಲ್ಲಿ ಅಲ್ಲೊಂದು ಥಿಯೇಟರ್ ಶುರುವಾಯಿತು. ಆಮೇಲೆ ಅದಕ್ಕೆ ವಿಕ್ಟೋರಿಯಾ ಹೆಸರು ಬಂತು, ಜನರ ಬಾಯಲ್ಲಿ ಅದು ಓಲ್ಡ್ ವಿಕ್ ಆಯಿತು. ಒಳಗೆ ನಾಟಕ, ಜೊತೆಗೆ ಹೆಂಡ, ಹೊಡೆದಾಟ. 1858ರಲ್ಲಿ ಬೆಂಕಿ ಬಿತ್ತೆಂಬ ಗಾಬರಿಗೆ ಜನ ನುಗ್ಗಾಡಿ 16 ಮಂದಿ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಬಡವರಿಗೆಂದು ಬೇರೆ ಮಾಡಿದ ಆ ಇಕ್ಕಟ್ಟು ಮೆಟ್ಟಿಲು ನೋಡಲು ಸಣ್ಣ ಅವಮಾನದಂತೆ ಕಾಣುತ್ತದೆ. ಗಾಬರಿಯ ಹೊತ್ತಿನಲ್ಲಿ ಅದು ಎಂಥದೆಂದು ಅವತ್ತು ಗೊತ್ತಾಯಿತು.

1880ರಲ್ಲಿ ಈ ಥಿಯೇಟರನ್ನು ಎಮ್ಮಾ ಕಾನ್ಸ್ ಎಂಬ ಹೆಣ್ಣುಮಗಳು ವಹಿಸಿಕೊಂಡರು. ಬಡವರ ಬಾಡಿಗೆ ಮನೆಗಳನ್ನು ನೋಡಿಕೊಳ್ಳುತ್ತಿದ್ದವರು ಅವರು. ವಾರದ ಕೂಲಿ ಶನಿವಾರ ರಾತ್ರಿ ಹೆಂಡದಂಗಡಿಗೆ ಹೋಗುವುದನ್ನು, ಹೆಂಗಸರು ಪೆಟ್ಟು ತಿನ್ನುವುದನ್ನು ಕಣ್ಣಾರೆ ಕಂಡಿದ್ದರು. ಕುಡಿತ ಬಿಡಿ ಎಂದು ಬರೀ ಭಾಷಣ ಮಾಡಿದರೆ ಯಾರು ಕೇಳುತ್ತಾರೆ? ಹೋಗಲು ಬೇರೆ ಜಾಗ ಬೇಕು. ಕಾನ್ಸ್ ಓಲ್ಡ್ ವಿಕ್ ಅನ್ನು ಹೆಂಡವಿಲ್ಲದ, ಕಾಫಿ ಸಿಗುವ ಮನರಂಜನೆಯ ಮನೆ ಮಾಡಿದರು. ಹಾಡು, ಸಂಗೀತ, ಒಂದು ಪೆನ್ನಿಗೆ ವಿಜ್ಞಾನದ ಉಪನ್ಯಾಸ. ಉಪನ್ಯಾಸಕ್ಕೆ ಜನ ಎಷ್ಟು ಬಂದರೆಂದರೆ, ಅದೇ ಕಟ್ಟಡದ ರಂಗದ ಹಿಂದಿನ ಕೋಣೆಗಳಲ್ಲಿ ದುಡಿಯುವ ಗಂಡಸರು, ಹೆಂಗಸರಿಗೆಂದು ಮಾರ್ಲಿ ಕಾಲೇಜು ಹುಟ್ಟಿತು. ಆ ಕಾಲೇಜು ಬೇರೆ ಕಟ್ಟಡದಲ್ಲಿ ಈಗಲೂ ನಡೆಯುತ್ತಿದೆ.

1898ರಲ್ಲಿ ದೊಡ್ಡಮ್ಮನ ಕೈ ಹಿಡಿಯಲು ಬಂದವರು ಲಿಲಿಯನ್ ಬೇಲಿಸ್. 1912ರಲ್ಲಿ ಕಾನ್ಸ್ ತೀರಿಕೊಂಡ ಮೇಲೆ ಥಿಯೇಟರ್ ಪೂರ್ತಿ ಇವರ ಹೆಗಲಿಗೆ ಬಂತು. ಇವರ ಬಗ್ಗೆ ಲಂಡನ್ನಿನ ರಂಗಭೂಮಿಯವರು ಹೇಳುವ ಕಥೆಗಳಿಗೆ ಲೆಕ್ಕವಿಲ್ಲ. ರಂಗದ ಪಕ್ಕದಲ್ಲೇ ಗ್ಯಾಸ್ ಒಲೆ ಹಚ್ಚಿ ಊಟಕ್ಕೆ ಮಾಂಸದ ಸಾಸೇಜು ಹುರಿಯುತ್ತಿದ್ದರಂತೆ. ಅತ್ತ ನಾಯಕ ಸಾಯುತ್ತಿದ್ದರೆ ಇತ್ತ ಪ್ರೇಕ್ಷಕರ ಮೂಗಿಗೆ ಒಗ್ಗರಣೆ ಘಾಟು. ಒಳ್ಳೆಯ ನಟರನ್ನು ಕಳಿಸು, ಅಗ್ಗದವರನ್ನೇ ಕಳಿಸು ಎಂದು ದೇವರಲ್ಲಿ ಬೇಡಿಕೊಳ್ಳುತ್ತಿದ್ದರಂತೆ. ನಟರಿಗೆ ಸಂಬಳ ಕೊಡುವಾಗ ಕೈ ಬಿಗಿ. ಆದರೆ ಗ್ಯಾಲರಿಯ ಟಿಕೆಟ್ಟು ಕೆಲವೇ ಪೆನ್ನಿಗಿಂತ ಮೇಲೇರಲು ಅವರು ಬಿಡಲಿಲ್ಲ. ಕೇರಿಯ ಪ್ರೇಕ್ಷಕರನ್ನು 'ನನ್ನ ಜನ' ಎನ್ನುತ್ತಿದ್ದರು. ಆ ಜನರ ಮುಂದೆಯೇ 1914ರಿಂದ 1923ರೊಳಗೆ ಷೇಕ್ಸ್‌ಪಿಯರನ ಮೊದಲ ಸಂಪುಟದ ನಾಟಕಗಳೆಲ್ಲ ರಂಗಕ್ಕೆ ಬಂದವು. ಒಪೆರಾವನ್ನೂ ಇಂಗ್ಲಿಷಿನಲ್ಲೇ ಹಾಡಿಸಿದರು, ಇಟಾಲಿಯನ್ ಬಾರದವರಿಗೂ ತಿಳಿಯಲಿ ಎಂದು.

ಬಡವರಿಗೆ ಹಗುರಾದುದನ್ನೇ ಕೊಡಬೇಕು ಎಂಬ ಮಾತು ಆಗಲೂ ಇತ್ತು, ಈಗಲೂ ಇದೆ. ಬೇಲಿಸ್ ಅದನ್ನು ನಂಬಲಿಲ್ಲ. ನಮಗೆ ಈ ಹೆಂಗಸು ಹಿಡಿಸಿದ್ದು ಇದೇ ಕಾರಣಕ್ಕೆ. ಸಂಬಳದ ವಿಚಾರದಲ್ಲಿ ಮಾತ್ರ ನಾವು ನಟರ ಪರ.

1926ರಲ್ಲಿ ಈ ಬೇಲಿಸ್ ಅವರನ್ನು ಹುಡುಕಿಕೊಂಡು ಒಬ್ಬ ನರ್ತಕಿ ಬಂದರು. ಹೆಸರು ನಿನೆಟ್ ಡಿ ವಾಲ್ವಾ. ಐರ್ಲೆಂಡಿನಲ್ಲಿ ಹುಟ್ಟಿದವರು, ನಿಜ ಹೆಸರು ಈಡ್ರಿಸ್ ಸ್ಟಾನಸ್. ಆಗಿನ ಕಾಲಕ್ಕೆ ಬ್ಯಾಲೆ ಅಂದರೆ ರಷ್ಯನ್ನರದು, ಫ್ರೆಂಚರದು. ಇಂಗ್ಲಿಷ್ ಹೆಸರಿದ್ದರೆ ಟಿಕೆಟ್ಟು ಹೋಗದು ಎಂಬ ನಂಬಿಕೆ. ಅದಕ್ಕೇ ಪ್ಯಾಟ್ರಿಕ್ ಎಂಬ ಹುಡುಗ ಆಂಟನ್ ಡೋಲಿನ್ ಆದ, ಲಂಡನ್ನಿನ ಮಾರ್ಕ್ಸ್ ಮನೆತನದ ಹುಡುಗಿ ಅಲಿಸಿಯಾ ಮಾರ್ಕೊವಾ ಆದಳು. ಡಿ ವಾಲ್ವಾ, ಡೋಲಿನ್, ಮಾರ್ಕೊವಾ ಮೂವರೂ ರಷ್ಯದ ದಿಯಾಗಿಲೆವ್ ನಡೆಸುತ್ತಿದ್ದ ಹೆಸರಾಂತ ಕಂಪನಿಯಲ್ಲಿ ಪಳಗಿದವರು. ಅದು ಊರಿಂದೂರಿಗೆ ತಿರುಗುವ ಕಂಪನಿ. ಒಂದೇ ಊರಿನಲ್ಲಿ ಬೇರೂರಿ, ತನ್ನದೇ ಶಾಲೆ, ತನ್ನದೇ ಪ್ರೇಕ್ಷಕರು ಇರುವ ಕಂಪನಿ ಕಟ್ಟಬೇಕು ಎಂಬುದು ಡಿ ವಾಲ್ವಾ ಹಟ.

ಬೇಲಿಸ್ ಬಳಿ ದುಡ್ಡಿರಲಿಲ್ಲ, ಕೆಲಸ ಇತ್ತು. ನಟರಿಗೆ ನಡೆ ನುಡಿ ಕಲಿಸು, ನಾಟಕದೊಳಗೆ ಬರುವ ಕುಣಿತಗಳನ್ನು ಜೋಡಿಸು ಎಂದರು. 1928ರ ಡಿಸೆಂಬರಿನಲ್ಲಿ ಮಕ್ಕಳ ಒಪೆರಾವೊಂದಕ್ಕೆ ಮುಂಚೆ ಒಂದು ಚಿಕ್ಕ ಬ್ಯಾಲೆ ಆಡಿಸಿದರು. ದೊಡ್ಡದಕ್ಕೆ ಇನ್ನೊಂದು ಕಟ್ಟಡ ಬೇಕಿತ್ತು.

ಆ ಕಟ್ಟಡ ಸ್ಯಾಡ್ಲರ್ಸ್ ವೆಲ್ಸ್. ಲಂಡನ್ನಿನ ಉತ್ತರ ದಿಕ್ಕಿಗೆ ಇಸ್ಲಿಂಗ್ಟನ್ ಎಂಬಲ್ಲಿ 1683ರಲ್ಲಿ ರಿಚರ್ಡ್ ಸ್ಯಾಡ್ಲರ್ ಎಂಬಾತನ ಜಮೀನಿನಲ್ಲಿ ಬಾವಿ ಸಿಕ್ಕಿತು. ಆ ನೀರು ಕುಡಿದರೆ ರೋಗ ವಾಸಿ ಎಂದು ಸುದ್ದಿಯಾಯಿತು. ನೀರಿಗೆ ಬಂದವರಿಗೆ ಹೊತ್ತು ಹೋಗಲೆಂದು ಸಂಗೀತದ ಮನೆ ಕಟ್ಟಿದ. ಥಿಯೇಟರಿನ ಹೆಸರಿನಲ್ಲಿರುವ 'ವೆಲ್ಸ್' ಅಂದರೆ ಬಾವಿಗಳೇ. ಮುಂದೆ 1804ರಲ್ಲಿ ಅಲ್ಲಿ ರಂಗದ ಮೇಲೇ ದೊಡ್ಡ ನೀರಿನ ತೊಟ್ಟಿ ಕಟ್ಟಿ ಪಕ್ಕದ ಕಾಲುವೆಯ ನೀರು ಹಾಯಿಸಿ ಹಡಗು ಯುದ್ಧ ತೋರಿಸಿದರು. ಗ್ರಿಮಾಲ್ಡಿ ಎಂಬ ಹೆಸರಾಂತ ವಿದೂಷಕ ಅಲ್ಲೇ ಮೆರೆದ. ಆಮೇಲೆ ಕಟ್ಟಡ ಜಾರಾಟದ ಅಂಗಳವಾಯಿತು, ಮುಷ್ಟಿಯುದ್ಧದ ಅಖಾಡವಾಯಿತು, ಸಿನಿಮಾ ಮಂದಿರವಾಯಿತು, 1915ರಲ್ಲಿ ಮುಚ್ಚಿ ಪಾಳು ಬಿತ್ತು. ಬೇಲಿಸ್ 1925ರಿಂದ ಚಂದಾ ಎತ್ತಿ ಅದನ್ನು ಹೊಸದಾಗಿ ಕಟ್ಟಿಸಿದರು. ನದಿಯ ದಕ್ಷಿಣದ ಬಡವರಿಗೆ ಓಲ್ಡ್ ವಿಕ್, ಉತ್ತರದ ಬಡವರಿಗೆ ಇದು ಎಂಬುದು ಅವರ ಲೆಕ್ಕ. 1931ರ ಜನವರಿ 6ರಂದು ಬಾಗಿಲು ತೆರೆಯಿತು. ಡಿ ವಾಲ್ವಾ ತಮ್ಮ ಶಾಲೆಯನ್ನು ಎತ್ತಿಕೊಂಡು ಅಲ್ಲಿಗೇ ಬಂದರು. ಕಾಯಂ ನರ್ತಕಿಯರು ಆರೇ ಮಂದಿ. ಎರಡು ಥಿಯೇಟರಿನ ಹೆಸರೂ ಸೇರಿ ಕಂಪನಿಗೆ ವಿಕ್-ವೆಲ್ಸ್ ಎಂದು ಹೆಸರಾಯಿತು. ಆ ವರ್ಷ ಮೇ 5ರಂದು ಓಲ್ಡ್ ವಿಕ್‌ನಲ್ಲಿ ಇಡೀ ಸಂಜೆ ಬರೀ ಬ್ಯಾಲೆ. ಸ್ಯಾಸೇಜು ಹುರಿದ ಅದೇ ರಂಗ.

ಬರೀ ಕೊಳಲು, ಪಿಟೀಲು, ಕುಣಿತ, ಮಾತೇ ಇಲ್ಲ. ಕೂಲಿ ಮುಗಿಸಿ ಬಂದವರು ಇದನ್ನು ಯಾಕೆ ನೋಡಿದರು ಎಂಬ ಪ್ರಶ್ನೆ ಬರುತ್ತದೆ. ಒಂದು ಕಾರಣ, ಅವರು ಆ ಥಿಯೇಟರಿಗೆ ಹೋಗುವುದು ಅಭ್ಯಾಸವಾಗಿತ್ತು. ಒಂದು ವಾರ ಹ್ಯಾಮ್ಲೆಟ್, ಇನ್ನೊಂದು ವಾರ ಒಪೆರಾ, ಮಧ್ಯೆ ಬ್ಯಾಲೆ. ಅದೇ ಬೆಂಚು, ಅದೇ ಗೆಳೆಯರು. ನಮ್ಮಲ್ಲಿ ಬಯಲಾಟ ನೋಡುವವರು ಆಟಕ್ಕೆ ಎಷ್ಟು ಬರುತ್ತಾರೋ ಇಂಥವರ ಮಗ ಇವತ್ತು ಯಾವ ವೇಷ ಕಟ್ಟಿದ್ದಾನೆ ಎಂದು ನೋಡಲೂ ಅಷ್ಟೇ ಬರುತ್ತಾರಲ್ಲ, ಹಾಗೆ. ಹಿಂದಿನ ಸಾಲಿನಲ್ಲಿ ಕುಣಿಯುತ್ತಿದ್ದ ಹುಡುಗಿ ಈ ವರ್ಷ ಮುಂದಕ್ಕೆ ಬಂದಳೇ ಎಂದು ಗ್ಯಾಲರಿಯವರು ಲೆಕ್ಕ ಇಡುತ್ತಿದ್ದರು. ಇನ್ನೊಂದು ಕಾರಣ ಕಣ್ಣಿನದು. ಸಾಲು ಸಾಲು ನರ್ತಕಿಯರು ರಂಗದ ನೆಲದ ಮೇಲೆ ವೃತ್ತ, ಕೋನ ಬರೆದಂತೆ ಸರಿಯುವುದು ಕೆಳಗಿನ ದುಬಾರಿ ಕುರ್ಚಿಯವರಿಗೆ ಸರಿಯಾಗಿ ಕಾಣದು, ಮುಂದಿನ ಸಾಲು ಹಿಂದಿನದನ್ನು ಮುಚ್ಚಿಬಿಡುತ್ತದೆ. ಮೇಲಿನಿಂದ ನೋಡುವವರಿಗೆ ಅದು ಅಂಗಳದ ರಂಗೋಲಿಯಂತೆ ಪೂರ್ತಿ ಕಾಣುತ್ತದೆ.

ಪ್ರಧಾನ ನರ್ತಕಿಯಾಗಿ ಮಾರ್ಕೊವಾ ಬಂದರು. ಹಳೆಯ ರಷ್ಯನ್ ಬ್ಯಾಲೆಗಳನ್ನು ಕಲಿಸಲು ನಿಕೊಲಾಯ್ ಸೆರ್ಗೆಯೆವ್ ಸಿಕ್ಕರು. ಪೀಟರ್ಸ್‌ಬರ್ಗಿನ ರಾಜ ಥಿಯೇಟರಿನ ನೃತ್ಯಗಳನ್ನು ಸ್ವರಲಿಪಿಯಂತೆ ಚಿಹ್ನೆಗಳಲ್ಲಿ ಬರೆದಿಟ್ಟ ಕಾಗದಗಳನ್ನು ಕ್ರಾಂತಿಯ ನಂತರ ದೇಶ ಬಿಡುವಾಗ ಜೊತೆಗೆ ತಂದವರು ಅವರು. ಹೀಗೆ ಜಾರ್ ಚಕ್ರವರ್ತಿಯ ಅರಮನೆ ಆಟಗಳಾದ ಜಿಸೆಲ್, ನಟ್‌ಕ್ರ್ಯಾಕರ್, ಸ್ವಾನ್ ಲೇಕ್ ಮೂರೂ 1934 ಒಂದೇ ವರ್ಷದಲ್ಲಿ ಈ ಅಗ್ಗದ ಟಿಕೆಟ್ಟಿನ ಜನರ ಮುಂದೆ ಬಂದವು. ಈ ಮಾರ್ಕೊವಾ ಅವರಿಗೆ ನಮ್ಮ ಕಡೆಯ ನಂಟೊಂದು ಮುಂದೆ ಬೆಳೆಯಿತು. ಬೆಂಗಳೂರಿನಲ್ಲಿ ಹುಟ್ಟಿದ ನರ್ತಕ ರಾಮ್ ಗೋಪಾಲ್ 1939ರಲ್ಲಿ ಲಂಡನ್ನಿನ ಆಲ್ಡ್‌ವಿಚ್ ಥಿಯೇಟರಿನಲ್ಲಿ ಕುಣಿದು ಹೆಸರು ಮಾಡಿದರು. 1960ರಲ್ಲಿ ಅವರು ಕೃಷ್ಣ, ಮಾರ್ಕೊವಾ ರಾಧೆ.

1935ರಲ್ಲಿ ಮಾರ್ಕೊವಾ ಕಂಪನಿ ಬಿಟ್ಟಾಗ ಅವರ ಪಾತ್ರಗಳು ಹದಿನಾರರ ಆಸುಪಾಸಿನ ಹುಡುಗಿಯೊಬ್ಬಳ ಪಾಲಿಗೂ ಬಂದವು. ಅವಳೇ ಮಾರ್ಗೊ ಫಾಂಟೇನ್. ಗ್ಯಾಲರಿಯವರ ಕಣ್ಣೆದುರೇ ಬೆಳೆದವಳು. 1937ರ ನವೆಂಬರಿನಲ್ಲಿ ಬೇಲಿಸ್ ತೀರಿಕೊಂಡರು. ಎರಡು ವರ್ಷಕ್ಕೆ ಯುದ್ಧ ಬಂತು.

1940ರ ಮೇ ತಿಂಗಳಲ್ಲಿ ಸರ್ಕಾರದ ಕಡೆಯಿಂದ ಈ ಕಂಪನಿಯನ್ನು ಹಾಲೆಂಡಿಗೆ ಪ್ರದರ್ಶನಕ್ಕೆ ಕಳಿಸಿದರು. ಹೋದ ವಾರದಲ್ಲೇ, ಮೇ 10ರ ಬೆಳಗಿನ ಜಾವ, ಜರ್ಮನ್ ಸೇನೆ ನುಗ್ಗಿತು. ಆಕಾಶದಿಂದ ಪ್ಯಾರಾಚೂಟಿನಲ್ಲಿ ಸೈನಿಕರು ಇಳಿಯುವುದನ್ನು ಕಲಾವಿದರು ಹೇಗ್ ನಗರದಲ್ಲಿ ತಾವಿದ್ದ ಹೋಟೆಲಿನಿಂದ ನೋಡಿದರು. ಕೊನೆಗೆ ಸರಕು ಹಡಗೊಂದರಲ್ಲಿ ಮಲಗಿ ಜೀವ ಉಳಿಸಿಕೊಂಡು ಬಂದರು. ಆರು ಬ್ಯಾಲೆಗಳ ಪರದೆ, ಉಡುಪು, ಸಂಗೀತದ ಹಸ್ತಪ್ರತಿ ಅಲ್ಲೇ ಉಳಿದವು. ಕಾನ್‌ಸ್ಟಂಟ್ ಲ್ಯಾಂಬರ್ಟ್ ಬರೆದ 'ಹೊರೊಸ್ಕೋಪ್' ಎಂಬ ಬ್ಯಾಲೆಯ ಪೂರ್ಣ ಸಂಗೀತ ಹಾಗೆ ಕಳೆದುಹೋದದ್ದು ಮತ್ತೆ ಸಿಗಲಿಲ್ಲ. ಜೆರಾಕ್ಸ್ ಇಲ್ಲದ ಕಾಲ.

ವಾಪಸ್ ಬಂದರೆ ಲಂಡನ್ನಿನ ಮೇಲೆ ಬಾಂಬು. ಸ್ಯಾಡ್ಲರ್ಸ್ ವೆಲ್ಸ್ ಮನೆ ಕಳಕೊಂಡ ಕುಟುಂಬಗಳಿಗೆ ಆಸರೆಯಾಯಿತು. ಓಲ್ಡ್ ವಿಕ್‌ಗೆ 1941ರಲ್ಲಿ ಬಾಂಬು ಬಿತ್ತು, ಅದು ಮತ್ತೆ ತೆರೆದದ್ದು 1950ಕ್ಕೆ. ಎರಡೂ ಥಿಯೇಟರಿನ ಕಚೇರಿ ಲಂಕಾಷೈರಿನ ಬರ್ನ್ಲಿ ಎಂಬ ಹತ್ತಿ ಗಿರಣಿಗಳ ಊರಿಗೆ ಹೋಯಿತು. (ಇದೇ ಲಂಕಾಷೈರಿನ ಗಿರಣಿ ಕಾರ್ಮಿಕರನ್ನು 1931ರಲ್ಲಿ ಗಾಂಧೀಜಿ ಹೋಗಿ ಮಾತಾಡಿಸಿದ್ದರು.) ಕಂಪನಿ ಊರೂರು ತಿರುಗಿತು. ವಾದ್ಯಮೇಳಕ್ಕೆ ದುಡ್ಡಿಲ್ಲದಾಗ ಎರಡು ಪಿಯಾನೊಗಳಲ್ಲೇ ಇಡೀ ಸಂಗೀತ ನಡೆಯಿತು, ಒಂದರ ಮುಂದೆ ಸ್ವತಃ ಲ್ಯಾಂಬರ್ಟ್. ಗಂಡು ಕಲಾವಿದರಲ್ಲಿ ಹೆಚ್ಚಿನವರು ಸೇನೆಗೆ ಹೋದರು. ಅದುವರೆಗೆ ಬ್ಯಾಲೆಯ ಹೆಸರು ಕೇಳದ ಊರುಗಳ ಥಿಯೇಟರುಗಳಲ್ಲಿ ಸೈನಿಕರು, ಗಿರಣಿಯವರು, ಕಾರ್ಖಾನೆಯ ಹೆಂಗಸರು ಇವರ ಕುಣಿತ ನೋಡಿದರು. ಲಂಡನ್ನಿನಲ್ಲಿ ಆಡುವಾಗ ವಿಮಾನ ದಾಳಿಯ ಎಚ್ಚರಿಕೆ ಬಂದರೂ ಬಹುಪಾಲು ಜನ ಕೂತಲ್ಲೇ ಕೂತಿರುತ್ತಿದ್ದರು.

ಈ ವರ್ಷಗಳಲ್ಲಿ ಕೊವೆಂಟ್ ಗಾರ್ಡನ್ ಏನಾಗಿತ್ತು ಗೊತ್ತೇ? ಬಾಡಿಗೆಯ ಡ್ಯಾನ್ಸ್ ಹಾಲ್. ರಜೆಯ ಮೇಲೆ ಬಂದ ಸಿಪಾಯಿಗಳು ಹುಡುಗಿಯರ ಜೊತೆ ಕುಣಿಯುವ ಜಾಗ. ಯುದ್ಧ ಮುಗಿಯುವಾಗ ಅದನ್ನು ಮತ್ತೆ ರಂಗಮಂದಿರ ಮಾಡಬೇಕು, ವರ್ಷವಿಡೀ ನಡೆಸಬೇಕು, ಸರ್ಕಾರದ ಹಣ ಕೊಡಬೇಕು ಎಂದು ಓಡಾಡಿದವರಲ್ಲಿ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ಮುಖ್ಯರು. ಅವರ ಹೆಂಡತಿ ಲಿಡಿಯಾ ಲೊಪೊಕೊವಾ ರಷ್ಯನ್ ನರ್ತಕಿ, ಸ್ಯಾಡ್ಲರ್ಸ್ ವೆಲ್ಸ್‌ನಲ್ಲೇ ಕುಣಿದವರು. ಯುದ್ಧಕಾಲದಲ್ಲಿ ಕಲೆಗೆ ನೆರವು ಕೊಡುತ್ತಿದ್ದ ಸರ್ಕಾರಿ ಮಂಡಳಿಗೆ ಕೇನ್ಸ್ ಅಧ್ಯಕ್ಷರು. ಆರಂಭಕ್ಕೆ ಕರೆಸಿದ್ದು ಯಾವ ಕಂಪನಿಯನ್ನು? ಡಿ ವಾಲ್ವಾ ಅವರದನ್ನು.

1946ರ ಫೆಬ್ರವರಿ 20ರಂದು 'ಸ್ಲೀಪಿಂಗ್ ಬ್ಯೂಟಿ'. ರಾಜಕುಮಾರಿ ನೂರು ವರ್ಷ ನಿದ್ದೆ ಹೋಗಿ ಎಚ್ಚರಗೊಳ್ಳುವ ಕಥೆ. ರಾಜ ಆರನೇ ಜಾರ್ಜ್ ಕುಟುಂಬ ಸಮೇತ ಬಂದಿದ್ದ. ಆಗ ಇಂಗ್ಲೆಂಡಿನಲ್ಲಿ ಬಟ್ಟೆಗೆ ರೇಷನ್, ಕೂಪನ್ ಇಲ್ಲದೆ ಒಂದು ಲಂಗವೂ ಸಿಗದು. ರಂಗದ ಮೇಲಿನ ಅರಮನೆಯವರಿಗೆ ಉಡುಪು ಹೊಲಿಸಲು ಕಂಪನಿಯವರೇ ತಮ್ಮ ಪಾಲಿನ ಕೂಪನ್ ಕೊಟ್ಟರಂತೆ. ರಾಜಕುಮಾರಿ ಪಾತ್ರ ಫಾಂಟೇನ್ ಅವರದು. ಎರಡು ತಿಂಗಳಲ್ಲಿ ಕೇನ್ಸ್ ತೀರಿಕೊಂಡರು. 1956ರಲ್ಲಿ ರಾಣಿಯ ಸನದು ಬಂದು ಕಂಪನಿ ರಾಯಲ್ ಬ್ಯಾಲೆ ಆಯಿತು.

ಗೆದ್ದರು ಎನ್ನಬೇಕೋ, ಕಳಕೊಂಡರು ಎನ್ನಬೇಕೋ? ನಮ್ಮ ಗುಂಪಿನಲ್ಲೇ ಇದರ ಬಗ್ಗೆ ಎರಡು ಮಾತಿದೆ. ಸಂಬಳ, ವಾದ್ಯಮೇಳ, ದೊಡ್ಡ ರಂಗ ಸಿಕ್ಕದ್ದು ನಿಜ. ಬೇಲಿಸ್ ಕಾಲದ ಕಲಾವಿದರು ಪಟ್ಟ ಪಾಡು ಯಾರಿಗೂ ಬೇಡ. ಆದರೆ ಸಂಜೆ ಕೆಲಸದ ಬಟ್ಟೆಯಲ್ಲೇ ನಡೆದು ಹೋಗಿ ಕೂರುವ ಕೇರಿಯ ಥಿಯೇಟರಿಗೂ ರಾಜರು ಬರುವ ಥಿಯೇಟರಿಗೂ ಅಂತರ ಬರೀ ಟಿಕೆಟ್ಟಿನದಲ್ಲ. ಹೊಸ ಜಾಗದಲ್ಲೂ ಗ್ಯಾಲರಿ ಇತ್ತು, ಅದಕ್ಕೆ ಕ್ಯೂ ನಿಲ್ಲುವವರೂ ಇದ್ದರು. ಅವರನ್ನು 'ನನ್ನ ಜನ' ಎನ್ನುವವರು ಇರಲಿಲ್ಲ.

ಡಿ ವಾಲ್ವಾ ಅವರಿಗೂ ಇದು ಹೊಳೆದಿರಬೇಕು. ಕೊವೆಂಟ್ ಗಾರ್ಡನ್ನಿಗೆ ಹೋದ ವರ್ಷವೇ ಸ್ಯಾಡ್ಲರ್ಸ್ ವೆಲ್ಸ್‌ನಲ್ಲಿ ಎಳೆಯರದೊಂದು ಎರಡನೇ ಕಂಪನಿ ಕಟ್ಟಿದರು. ಹೊಸಬರು ಅಲ್ಲಿ ಕುಣಿದು ಕಲಿತರು, ಊರೂರು ತಿರುಗಿದರು. 1990ರಲ್ಲಿ ಆ ಕಂಪನಿ ಲಂಡನ್ ಬಿಟ್ಟು ಕಾರ್ಖಾನೆಗಳ ಊರಾದ ಬರ್ಮಿಂಗ್‌ಹ್ಯಾಮಿಗೆ ಹೋಗಿ ನೆಲೆಸಿತು. ಈಗ ಅದಕ್ಕೆ ಆ ಊರಿನದೇ ಹೆಸರು. 1899ರಲ್ಲಿ ಸರ್ಕಸ್ಸಿಗೂ ಜಾಗವಿಟ್ಟು ಕಟ್ಟಿದ ಹಿಪ್ಪೊಡ್ರೋಮ್ ಥಿಯೇಟರ್ ಅದರ ಮನೆ. ಅದು ಊರು ಬದಲಿಸಿದಾಗ ಡಿ ವಾಲ್ವಾ ಇನ್ನೂ ಇದ್ದರು. 2001ರಲ್ಲಿ ಅವರು ತೀರಿಕೊಂಡಾಗ ವಯಸ್ಸು 102.